ಸ್ಟಾರ್ಕ್‌ವಿಲ್ಲೋ, ಒಮಾಹಾನೋ?

ಅಮೆರಿಕದ ಕಾಲೇಜು ಬೇಸ್‌ಬಾಲ್ ನೋಡಲು ಒಂದೇ ಸಲ ರಜೆ ಸಿಗುತ್ತದೆ ಅಂದುಕೊಳ್ಳಿ. ಏಪ್ರಿಲ್‌ನಲ್ಲಿ ಮಿಸಿಸಿಪ್ಪಿಯ ಸ್ಟಾರ್ಕ್‌ವಿಲ್‌ಗೆ ಹೋಗಬೇಕೋ, ಜೂನ್‌ನಲ್ಲಿ ನೆಬ್ರಾಸ್ಕಾದ ಒಮಾಹಾಗೋ?

ಹೆಸರು ದೊಡ್ಡದು ಒಮಾಹಾದ್ದೇ. 1950ರಿಂದ ಕಾಲೇಜು ತಂಡಗಳ ರಾಷ್ಟ್ರೀಯ ಚಾಂಪಿಯನ್ ಯಾರೆಂದು ತೀರ್ಮಾನವಾಗುವ ಟೂರ್ನಿ, ಕಾಲೇಜು ವರ್ಲ್ಡ್ ಸೀರೀಸ್, ನಡೆಯುವುದು ಅಲ್ಲೇ. ಫೆಬ್ರವರಿ ಮಧ್ಯದಲ್ಲಿ ಸೀಸನ್ ಶುರು. ಮೇ ಕೊನೆಗೆ 64 ತಂಡ ಉಳಿಯುತ್ತವೆ, ಒಮಾಹಾ ತಲುಪುವುದು ಎಂಟೇ. ಎರಡು ಸೋತರೆ ಮನೆಗೆ. ಫೈನಲ್ ಮಾತ್ರ ಮೂರು ಪಂದ್ಯದ್ದು. ಆದರೆ ನಿಮ್ಮ ಮೆಚ್ಚಿನ ತಂಡ ಅಲ್ಲಿಗೆ ಬರುತ್ತದೆ ಅನ್ನೋ ಗ್ಯಾರಂಟಿ ಇಲ್ಲ. ಮೊದಲೇ ಟಿಕೆಟ್ ತೆಗೆದರೆ ಅದು ಜೂಜೇ.

ಸ್ಟಾರ್ಕ್‌ವಿಲ್‌ನಲ್ಲಿ ಈ ತಲೆನೋವಿಲ್ಲ, ಅದು ಮಿಸಿಸಿಪ್ಪಿ ಸ್ಟೇಟ್ ವಿಶ್ವವಿದ್ಯಾಲಯದ ತಂಡದ ತವರು. ಶುಕ್ರವಾರದಿಂದ ಭಾನುವಾರದವರೆಗೆ ಅದೇ ಎರಡು ತಂಡ, ಮೂರು ಪಂದ್ಯ. ಸಾಮಾನ್ಯವಾಗಿ ಒಳ್ಳೆಯ ಪಿಚರ್ ಶುಕ್ರವಾರವೇ ಎಸೆಯುತ್ತಾನೆ. ಒಂದೇ ದಿನ ಬಿಡುವಿದ್ದರೆ ಅದನ್ನೇ ಹಿಡಿಯಿರಿ. ಆ ತಂಡದ ಡೂಡಿ ನೋಬಲ್ ಮೈದಾನದ ಎಡ ಬೇಲಿಯ ಹಿಂದೆ ಜನ ಗ್ರಿಲ್ ಹಚ್ಚಿ ಮಾಂಸ ಸುಡುತ್ತಾ ಆಟ ನೋಡುತ್ತಾರೆ. ಮೊದಲು ಹಳೇ ಟ್ರಕ್‌ಗಳನ್ನು ತಂದು ನಿಲ್ಲಿಸಿಕೊಂಡು ಕೂರುತ್ತಿದ್ದರಂತೆ! ಹೊಗೆಯ ನಡುವೆ ಲೋಹದ ಬ್ಯಾಟಿನ 'ಟಿಣ್' ಸದ್ದು. ನಮ್ಮ ಕ್ರಿಕೆಟ್ ಬ್ಯಾಟಿನ 'ಟಪ್' ಕೇಳಿದ ಕಿವಿಗೆ ಮೊದಮೊದಲು ವಿಚಿತ್ರ ಅನಿಸುತ್ತದೆ.

ಒಮಾಹಾದಲ್ಲೂ ಬ್ಯಾಟು ಅದೇ, ಆದರೆ ಕ್ರೀಡಾಂಗಣ ದೊಡ್ಡದು, ಊರ ನಡುವೆ ಇದೆ. ಕ್ಯಾಂಪಸ್ಸಿನ ಸಲಿಗೆ ಅಲ್ಲಿ ಸಿಗಲ್ಲ.

ಕಪ್ ಎತ್ತುವುದನ್ನೇ ನೋಡಬೇಕು ಅನ್ನುವವರು ಒಮಾಹಾಗೆ ಹೋಗಲಿ. ನನ್ನ ಓಟು ಸ್ಟಾರ್ಕ್‌ವಿಲ್‌ಗೆ, ಅದೂ ಆ ಬೇಲಿಯ ಹತ್ತಿರ.