ಡೆಲವೇರ್‌ನ ಬಾರ್ ಬ್ಯಾಂಡ್: ಜಾರ್ಜ್ ಥರೋಗುಡ್ ಮತ್ತು ಡಿಸ್ಟ್ರಾಯರ್ಸ್‌ನ ಮೊದಲ ಆಲ್ಬಮ್

ಅಮೆರಿಕದ ಡೆಲವೇರ್ ರಾಜ್ಯದ ಗಿಟಾರ್ ವಾದಕ, ಗಾಯಕ ಜಾರ್ಜ್ ಥರೋಗುಡ್‌ನ ಬ್ಲೂಸ್-ರಾಕ್ ಬ್ಯಾಂಡಿಗಾಗಿ 1977ರಲ್ಲಿ ರೌಂಡರ್ ರೆಕಾರ್ಡ್ಸ್ ಕಂಪನಿ ಹೊರತಂದ ಆಲ್ಬಮ್ ಇದು. ಹೊಸ ರಾಗ ಹುಡುಕುವವರಿಗಲ್ಲ. ಬ್ಲೂಸ್, ರಾಕ್ ಅಂಡ್ ರೋಲ್ ಹಿರಿಯರಾದ ಎಲ್ಮೋರ್ ಜೇಮ್ಸ್, ಬೋ ಡಿಡ್ಲಿ, ಜಾನ್ ಲೀ ಹೂಕರ್ ಅವರ ಹಳೆಯ ಸರಕನ್ನೇ ವೇಗ ಹೆಚ್ಚಿಸಿ, ವಾಲ್ಯೂಮ್ ಏರಿಸಿ ಬಡಿಸಿದ್ದಾರೆ. ಅದರಲ್ಲಿ ಮುಚ್ಚುಮರೆಯೂ ಇಲ್ಲ.

ಹೂಕರ್ ಹಾಡು ಎಂಟು ನಿಮಿಷ ದಾಟುತ್ತದೆ. ಬಾಡಿಗೆ ಕಟ್ಟಲಾಗದವನ ಗೋಳು ನಡೆಯುವಷ್ಟು ಹೊತ್ತೂ ಬ್ಯಾಂಡ್ ಒಂದೇ ರಿಫ್ (ಮತ್ತೆ ಮತ್ತೆ ಬರುವ ಪುಟ್ಟ ಸ್ವರಗುಚ್ಛ) ಹಿಡಿದು ಕೂತಿರುತ್ತದೆ. ಡ್ರಮ್ಸ್ ಎಲ್ಲೂ ಆತುರಪಡುವುದಿಲ್ಲ. ಬೇರೆಯವರ ಹಾಡನ್ನು ಕವರ್ ಮಾಡುವವರು ಎಡವುವುದು ಇಲ್ಲೇ. ಬೇಜಾರಾದೀತೆಂದು ನಡುವೆ ಸೋಲೋ ತುರುಕಿದರೆ ಕಥೆ ಕೆಟ್ಟಿತು. ಡಿಡ್ಲಿ ಬೀಟ್‌ನಲ್ಲೂ ಅಷ್ಟೇ: ಎರಡು ಬಾರ್‌ಗೆ (ತಾಳದ ಸುತ್ತಿಗೆ) ಐದು ಪೆಟ್ಟು, ಮೊದಲು ಮೂರು, ಆಮೇಲೆ ಎರಡು. ನಡುವಿನ ಖಾಲಿ ಜಾಗ ತುಂಬಿದರೆ ಕುಣಿತ ಸತ್ತೇ ಹೋಗುತ್ತದೆ.

ಬೆರಳಿಗೆ ತೊಡಿಸಿದ ಕೊಳವೆಯನ್ನು (ಸ್ಲೈಡ್) ತಂತಿಯ ಮೇಲೆ ಜಾರಿಸಿ ನುಡಿಸುವ ಸ್ಲೈಡ್ ಗಿಟಾರ್ ಒರಟು, ಆದರೆ ಸ್ವರ ಜಾರುವುದಿಲ್ಲ. ಕಲಿಯುವವರು 6, 5, 1ನೇ ತಂತಿಗಳನ್ನು ಒಂದೊಂದು ಹೋಲ್ ಟೋನ್ (ಎರಡು ಫ್ರೆಟ್‌ನಷ್ಟು) ಇಳಿಸಿದರೆ ಓಪನ್ ಜಿ, ಅಂದರೆ ಬರಿ ತಂತಿ ಮೀಟಿದರೇ ಜಿ ಕಾರ್ಡ್ ನುಡಿಯುವ ಶ್ರುತಿ, ಸಿಗುತ್ತದೆ. ಸ್ಲೈಡ್ ಇರಬೇಕಾದ್ದು ಫ್ರೆಟ್‌ನ (ಗಿಟಾರ್ ಕತ್ತಿನ ಅಡ್ಡ ಲೋಹಪಟ್ಟಿಯ) ನೆತ್ತಿಯ ಮೇಲೆ. ಅದರ ಹಿಂದೆ ನಿಂತರೆ ಸ್ವರ ಇಳಿಯುತ್ತದೆ. ಸ್ಲೈಡ್ ಹಿಂದಿನ ಬೆರಳಿಂದ ತಂತಿಯನ್ನು ಹಗುರವಾಗಿ ಮುಟ್ಟಿ ಸದ್ದು ಅಡಗಿಸದಿದ್ದರೆ ಗರಗರ ಸದ್ದೇ ಜಾಸ್ತಿ. ಥರೋಗುಡ್ ಬಳಸುವ ಗಿಬ್ಸನ್ ಇಎಸ್-125ರಂಥ ಟೊಳ್ಳು ಗಿಟಾರ್ ಆಂಪ್‌ಗೆ (ಧ್ವನಿವರ್ಧಕಕ್ಕೆ) ಎದುರಾಗಿ ನಿಂತರೆ ಊಳಿಡುತ್ತದೆ. ಪಕ್ಕಕ್ಕೆ ತಿರುಗಿ.

ರಾಬರ್ಟ್ ಜಾನ್ಸನ್‌ನ ನಿಧಾನದ ಹಾಡು ಮಾತ್ರ ಸಪ್ಪೆ, ಆ ನವಿರು ಈ ಗಂಟಲಿಗೆ ಒಗ್ಗಿಲ್ಲ. ಸ್ಯಾಕ್ಸೊಫೋನ್ ಬೇಕಿದ್ದರೆ 1980ರ ನಂತರದ ಆಲ್ಬಮ್‌ಗಳನ್ನು ಕೇಳಿ.