3.3 ವೋಲ್ಟ್ ಯುಎಸ್‌ಬಿ ಸೀರಿಯಲ್ ಕೇಬಲ್: ವರ್ಷಗಟ್ಟಲೆ ಬಳಸಿದ ಮೇಲೆ

ರಾಸ್ಪ್‌ಬೆರಿ ಪೈಯಂಥ ಪುಟ್ಟ ಬೋರ್ಡ್‌ಗಳು ಕಳಿಸುವ ಅಕ್ಷರಗಳನ್ನು ಕಂಪ್ಯೂಟರ್‌ನಲ್ಲಿ ಓದಲು ಸೀರಿಯಲ್ ಕೇಬಲ್ ಬಳಸುತ್ತೇವೆ. ಬೋರ್ಡ್‌ನಲ್ಲೇ ಯುಎಸ್‌ಬಿ ಇರುವಾಗ ಬೇರೆ ಕೇಬಲ್ ಯಾಕೆ ಅಂತ ಕೇಳುವವರು ಜಾಸ್ತಿ. ಎಷ್ಟೋ ಬೋರ್ಡ್‌ಗಳಲ್ಲಿ ಪವರ್ ತೆಗೆದರೆ ಆ ಯುಎಸ್‌ಬಿ ಪೋರ್ಟೂ ಮಾಯ. ಮತ್ತೆ ಪವರ್ ಕೊಟ್ಟು, ಕಂಪ್ಯೂಟರ್ ಅದನ್ನು ಗುರುತಿಸಿ, ಟರ್ಮಿನಲ್ (ಆ ಅಕ್ಷರಗಳನ್ನು ತೋರಿಸುವ ಪ್ರೋಗ್ರಾಂ) ತೆರೆಯುವಷ್ಟರಲ್ಲಿ, ಬೋರ್ಡ್ ಬೂಟ್ ಆಗುವಾಗ ಕಳಿಸುವ ಮೊದಲ ಸಾಲುಗಳು ಹೋಗಿಬಿಟ್ಟಿರುತ್ತವೆ. ಬೋರ್ಡ್ ಏಳದಿದ್ದಾಗ ನಮಗೆ ಬೇಕಾದದ್ದೇ ಅವು, ಅಲ್ವಾ?

ನನ್ನ ಕೇಬಲ್‌ನಲ್ಲಿ ಯುಎಸ್‌ಬಿಯನ್ನು ಸೀರಿಯಲ್‌ಗೆ ಬದಲಿಸುವ ಎಫ್‌ಟಿ232ಆರ್ ಚಿಪ್ ಇದೆ. ಅದಕ್ಕೆ ಪವರ್ ಬರುವುದು ಕಂಪ್ಯೂಟರ್‌ನಿಂದ. ಬೋರ್ಡ್ ಸತ್ತರೂ ಪೋರ್ಟ್ ತೆರೆದೇ ಇರುತ್ತದೆ. ವೇಗವನ್ನು 115200 ಬಾಡ್‌ಗೆ ಇಟ್ಟು ಕಾಯುತ್ತಾ ಕೂತರೆ, ಬೋರ್ಡನ್ನು ಬೂಟ್ ಮಾಡಿಸುವ ಯು-ಬೂಟ್ ಪ್ರೋಗ್ರಾಂನ ಮೊದಲ ಅಕ್ಷರದಿಂದಲೇ ಕಾಣುತ್ತದೆ. ಅದು ತಾನಾಗಿ ಮುಂದುವರಿಯುವ ಮುಂಚಿನ ಆಟೋಬೂಟ್ ಕೌಂಟ್‌ಡೌನ್ ಮುಗಿಯುವ ಮುಂಚೆ ಕೀ ಒತ್ತಿ ನಿಲ್ಲಿಸಲೂಬಹುದು. ಈ ಒಂದು ಕೆಲಸಕ್ಕೇ ಇದನ್ನು ಇಟ್ಟುಕೊಂಡಿದ್ದೇನೆ ಅಂದರೂ ತಪ್ಪಿಲ್ಲ.

ತಂತಿ ಆರು, ಬೇಕಾಗುವುದು ಮೂರೇ. ಕಪ್ಪು ಗ್ರೌಂಡ್, ಕಿತ್ತಳೆ ಕೇಬಲ್‌ನ ಟಿಎಕ್ಸ್ (ಕಳಿಸುವ ತಂತಿ), ಹಳದಿ ಆರ್‌ಎಕ್ಸ್ (ಪಡೆಯುವ ತಂತಿ). ಬೋರ್ಡ್ ಕಡೆ ಟಿಎಕ್ಸ್, ಆರ್‌ಎಕ್ಸ್ ಅದಲುಬದಲು. ರಾಸ್ಪ್‌ಬೆರಿ ಪೈಗಾದರೆ ಕಪ್ಪು 6ನೇ ಪಿನ್‌ಗೆ, ಹಳದಿ 8ಕ್ಕೆ, ಕಿತ್ತಳೆ 10ಕ್ಕೆ. ಬೀಗಲ್‌ಬೋನ್ ಬ್ಲ್ಯಾಕ್ ಬೋರ್ಡ್‌ನಲ್ಲಿ ಆರು ಪಿನ್‌ಗಳ ಸಾಲೇ ಇದೆ, ಕೇಬಲ್‌ನ ಸಾಕೆಟ್ ನೇರವಾಗಿ ಕೂರುತ್ತದೆ. ಬೇರೆ ಎಷ್ಟೋ ಬೋರ್ಡ್‌ಗಳಿಗೆ ಜಂಪರ್ ತಂತಿ (ಪಿನ್‌ಗಳನ್ನು ಜೋಡಿಸುವ ತುಂಡು ತಂತಿ) ಬೇಕು. ಅದು ಸ್ವಲ್ಪ ಕಿರಿಕಿರಿ.

ಕೆಂಪು ತಂತಿಯ ಬಗ್ಗೆ ಮಾತ್ರ ಹುಷಾರು. ಕೇಬಲ್ ಹೆಸರಲ್ಲಿ 3.3 ವೋಲ್ಟ್ ಅಂತಿದ್ದರೂ ಅದು ಸಿಗ್ನಲ್‌ಗೆ ಮಾತ್ರ. ಕೆಂಪಿನಲ್ಲಿ ಬರುವುದು ಯುಎಸ್‌ಬಿಯ 5 ವೋಲ್ಟ್. ನಾನು ಅದಕ್ಕೆ ಟೇಪ್ ಸುತ್ತಿ ಹಿಂದಕ್ಕೆ ಮಡಚಿಟ್ಟಿದ್ದೇನೆ.

ಲಿನಕ್ಸ್‌ನಲ್ಲಿ ಡ್ರೈವರ್ ಹುಡುಕುವ ಗೋಜಿಲ್ಲ. ಅನುಮತಿ ಇಲ್ಲ ಅಂದರೆ ಸೀರಿಯಲ್ ಪೋರ್ಟ್ ಬಳಸಲು ಅನುಮತಿ ಇರುವ ಡಯಲ್‌ಔಟ್ (dialout) ಗುಂಪಿಗೆ ಸೇರಿಕೊಂಡು ಮತ್ತೆ ಲಾಗಿನ್ ಆಗಿ, ಅಷ್ಟೇ. ಮಿನಿಕಾಮ್ ಎಂಬ ಟರ್ಮಿನಲ್ ಪ್ರೋಗ್ರಾಂನಲ್ಲಿ ಅಕ್ಷರ ಕಾಣುತ್ತಿದ್ದೂ ಟೈಪ್ ಮಾಡಿದ್ದು ಹೋಗದಿದ್ದರೆ ಕೇಬಲನ್ನು ಸುಮ್ನೆ ಬೈಯಬೇಡಿ. ಹೆಚ್ಚಾಗಿ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ (ಬೇರೆ ತಂತಿಯಲ್ಲಿ ಒಪ್ಪಿಗೆ ಬರುವವರೆಗೆ ಕಳಿಸದೆ ಕಾಯುವ ಸೆಟ್ಟಿಂಗ್) ಆನ್ ಆಗಿರುತ್ತದೆ, ಆಫ್ ಮಾಡಿ.

ಇನ್ನೊಂದು ವಿಚಿತ್ರ. ಬೋರ್ಡ್‌ನ ಪವರ್ ತೆಗೆದರೂ ಕೆಲವೊಮ್ಮೆ ಎಲ್‌ಇಡಿ ಮಂಕಾಗಿ ಉರಿಯುತ್ತಲೇ ಇರುತ್ತದೆ. ಕೇಬಲ್‌ನ ಟಿಎಕ್ಸ್ ಸುಮ್ಮನಿದ್ದಾಗಲೂ 3.3 ವೋಲ್ಟ್‌ನಲ್ಲೇ ಇರುತ್ತದಲ್ಲ, ಅಲ್ಲಿಂದ ಕರೆಂಟ್ ಬೋರ್ಡ್‌ಗೆ ನುಸುಳುತ್ತದೆ. ಆಗ ಬೋರ್ಡ್‌ನ ಚಿಪ್ ಪೂರ್ತಿ ರೀಸೆಟ್ ಆಗದೆ ಉಳಿಯಬಹುದು. ಸರಿಯಾಗಿ ಆಫ್ ಮಾಡಬೇಕೆಂದಾಗ ಕಿತ್ತಳೆ ತಂತಿಯನ್ನೂ ಕಿತ್ತುಬಿಡುತ್ತೇನೆ.