ಪೋಲೋ ಜಿಟಿ ಟಿಎಸ್‌ಐ ಬ್ರೇಕ್ ಅಪ್‌ಗ್ರೇಡ್: ದೊಡ್ಡ ಕಿಟ್ ಇಲ್ಲದೆ ಎಷ್ಟು ದೂರ ಹೋಗಬಹುದು?

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಸ್ಟೇಜ್ 1 ರೀಮ್ಯಾಪ್ (ಎಂಜಿನ್ನಿನ ಸಾಫ್ಟ್‌ವೇರ್ ತಿದ್ದಿ ಶಕ್ತಿ ಹೆಚ್ಚಿಸುವುದು) ಆದ ಪೋಲೋ ಜಿಟಿ ಟಿಎಸ್‌ಐಗೆ ನಾಲ್ಕು ಪಿಸ್ಟನ್ನಿನ ಕೆಂಪು ಕ್ಯಾಲಿಪರ್ (ಚಕ್ರದ ಜೊತೆ ತಿರುಗುವ ಡಿಸ್ಕಿಗೆ ಪ್ಯಾಡ್ ಒತ್ತಿ ಹಿಡಿಯುವ ಭಾಗ) ಬೇಕಾಗಿಲ್ಲ. ಒಳ್ಳೆಯ ಟೈರ್, ಬಿಸಿ ತಡೆಯುವ ಬ್ರೇಕ್ ಆಯಿಲ್, ಮುಂದಿನ ಚಕ್ರಗಳಿಗೆ ಒಂದು ದರ್ಜೆ ಮೇಲಿನ ಪ್ಯಾಡ್, ಕಂಪನಿ ಅಳತೆಯದ್ದೇ ಹೊಸ ಡಿಸ್ಕ್ ಇದ್ದರೆ ಸಾಕು. ಟೈರ್ ಬಿಟ್ಟು ಉಳಿದದ್ದಕ್ಕೆ ಮಜೂರಿಯೂ ಸೇರಿ ಸುಮಾರು 20ರಿಂದ 28 ಸಾವಿರ ರೂಪಾಯಿ. ಹೆಸರಾಂತ ಬ್ರ್ಯಾಂಡಿನ ಬಿಗ್ ಬ್ರೇಕ್ ಕಿಟ್ (ದೊಡ್ಡ ಡಿಸ್ಕ್, ದೊಡ್ಡ ಕ್ಯಾಲಿಪರಿನ ಸೆಟ್) ಅಂದರೆ ಲಕ್ಷ ದಾಟುತ್ತದೆ, ಅದಕ್ಕೆ ತಕ್ಕ ಅಲಾಯ್ ಚಕ್ರದ ಖರ್ಚು ಬೇರೆ. ಬೆಂಗಳೂರಿನ ಟ್ರಾಫಿಕ್, ಚಾರ್ಮಾಡಿ, ಆಗುಂಬೆ, ಆಗಾಗ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಎಂಬ ರೇಸ್ ಟ್ರ್ಯಾಕ್ ಹೀಗೆ ವರ್ಷಗಟ್ಟಲೆ ಬಳಸಿದ ಮೇಲೆ ಯಾವುದಕ್ಕೆ ಹಾಕಿದ ದುಡ್ಡು ಕೆಲಸ ಮಾಡಿತು, ಯಾವುದು ಬರೀ ಶೋಕಿ ಎಂಬುದು ಈಗ ಸ್ಪಷ್ಟವಾಗಿದೆ.

ಈ ಕಾರಿನ ಬ್ರೇಕ್ ಕೆಟ್ಟದ್ದೇನಲ್ಲ. 2013ರಲ್ಲಿ ಬಂದ 1.2 ಲೀಟರಿನ ಗಾಡಿಗೆ 105 ಪಿಎಸ್ ಶಕ್ತಿ, 175 ಎನ್‌ಎಂ ಟಾರ್ಕ್. ಮುಂದೆ 256 ಎಂಎಂ ವೆಂಟಿಲೇಟೆಡ್ (ನಡುವೆ ಗಾಳಿ ಹಾಯುವ) ಡಿಸ್ಕ್, ಹಿಂದೆ ಡ್ರಮ್. ನೂರರ ವೇಗದಲ್ಲಿ ಒಮ್ಮೆ ಜೋರಾಗಿ ತುಳಿದರೆ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕೆಲಸಕ್ಕೆ ಬರುತ್ತದೆ. ಎಬಿಎಸ್ ಬಂತು ಎಂದರೆ ಟೈರಿನ ಹಿಡಿತ ಮುಗಿಯಿತು, ಬ್ರೇಕಿನ ಶಕ್ತಿ ಇನ್ನೂ ಬಾಕಿ ಇದೆ ಎಂದೇ ಅರ್ಥ. ಅಲ್ಲಿಗೆ ಎಷ್ಟು ದೊಡ್ಡ ಡಿಸ್ಕ್ ಹಾಕಿದರೂ ನಿಲ್ಲುವ ದೂರ ಕಡಿಮೆಯಾಗುವುದಿಲ್ಲ. ಆರು ವರ್ಷದ ಗಟ್ಟಿಯಾದ ಟೈರ್ ಇಟ್ಟುಕೊಂಡು ಕ್ಯಾಲಿಪರ್ ಬೆಲೆ ವಿಚಾರಿಸುವವರು ಮೊದಲು ಟೈರ್ ಅಂಗಡಿಗೆ ಹೋಗಲಿ.

ತೊಂದರೆ ಶುರುವಾಗುವುದು ಮತ್ತೆ ಮತ್ತೆ ತುಳಿದಾಗ. ಇಬ್ಬರು ಕೂತು, ಲಗೇಜು ಇಟ್ಟ ಕಾರು ಸುಮಾರು 1,300 ಕೆಜಿ. ಅದನ್ನು ಗಂಟೆಗೆ 100 ಕಿಮೀ ವೇಗದಿಂದ ನಿಲ್ಲಿಸಿದರೆ ಸುಮಾರು 500 ಕಿಲೋಜೌಲ್ ಶಾಖ ಹುಟ್ಟುತ್ತದೆ. 140ರಿಂದ ನಿಲ್ಲಿಸಿದರೆ ಹತ್ತಿರಹತ್ತಿರ ಅದರ ಎರಡರಷ್ಟು. ರೀಮ್ಯಾಪ್ ಮಾಡಿಸಿದ ಮೇಲೆ ಬ್ರೇಕ್ ಸಾಲದು ಅನ್ನಿಸುವುದು ಇದಕ್ಕೇ: ತೂಕ ಅಷ್ಟೇ ಇದ್ದರೂ ಪ್ರತಿ ತಿರುವಿಗೆ ಬರುವ ವೇಗ ಹೆಚ್ಚಿರುತ್ತದೆ. ಘಾಟಿಯದು ಇನ್ನೊಂದು ಲೆಕ್ಕ. ಇದೇ ಕಾರು 500 ಮೀಟರ್ ಎತ್ತರದಿಂದ ಕೆಳಗಿಳಿದರೆ, ನೂರರಿಂದ ಹನ್ನೆರಡು-ಹದಿಮೂರು ಸಲ ನಿಲ್ಲಿಸಿದಷ್ಟು ಶಕ್ತಿಯನ್ನು ಎಲ್ಲಾದರೂ ಕರಗಿಸಬೇಕು. ಡಿಎಸ್‌ಜಿಯನ್ನು (ಈ ಕಾರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಡಿಯಲ್ಲೇ ಬಿಟ್ಟರೆ ಬಹುಪಾಲು ಡಿಸ್ಕಿಗೇ ಹೋಗುತ್ತದೆ. ಮ್ಯಾನುವಲ್ ಮೋಡಿನಲ್ಲಿ ಎರಡನೇ ಗೇರ್ ಹಿಡಿದು ಇಳಿದರೆ ಎಂಜಿನ್ ಒಂದಿಷ್ಟು ಹೊರುತ್ತದೆ. ಕಾಸು ಖರ್ಚಿಲ್ಲದ ಅಪ್‌ಗ್ರೇಡ್ ಅದೊಂದೇ.

ಬ್ರೇಕ್ ಕೈಕೊಡುವುದರಲ್ಲೂ ಎರಡು ಬಗೆ. ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತಿದ್ದರೆ ಆಯಿಲ್ ಕುದಿದು ಆವಿಯ ಗುಳ್ಳೆ ಬಂದಿದೆ. ಪೆಡಲ್ ಕಲ್ಲಿನಂತೆ ಗಟ್ಟಿಯಿದ್ದು ಕಾರು ಮಾತ್ರ ನಿಲ್ಲುತ್ತಿಲ್ಲ ಎಂದರೆ ಪ್ಯಾಡ್ ತನ್ನ ಮಿತಿ ದಾಟಿದೆ. ಈ ವ್ಯತ್ಯಾಸ ಹಿಡಿಯದೆ ಸಾಮಾನು ತಂದರೆ ದುಡ್ಡು ತಪ್ಪು ಕಡೆ ಹೋಗುತ್ತದೆ. ಘಾಟಿಯಲ್ಲಿ ಹೆಚ್ಚಾಗಿ ಕಾಣುವುದು ಮೊದಲನೆಯದು, ಟ್ರ್ಯಾಕಿನಲ್ಲಿ ಮೊದಲು ಬರುವುದು ಎರಡನೆಯದು.

ಹಾಗಾಗಿ ಮೊದಲ ಖರ್ಚು ಬ್ರೇಕ್ ಆಯಿಲ್ಲಿಗೆ. ಬ್ರೇಕ್ ಆಯಿಲ್ಲಿನ ದರ್ಜೆಯಾದ ಡಾಟ್ 4 ಗುಣಮಟ್ಟದ ಪ್ರಕಾರ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು; 3.7 ಶೇಕಡಾ ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ನಮ್ಮ ಮಳೆಗಾಲದ ತೇವದಲ್ಲಿ, ಮುಖ್ಯವಾಗಿ ಮಂಗಳೂರು, ಉಡುಪಿ ಕಡೆ, ಎರಡು ವರ್ಷ ಮುಟ್ಟದೆ ಬಿಟ್ಟ ಆಯಿಲ್ಲನ್ನು ನಂಬಿ ಘಾಟಿ ಇಳಿಯಬಾರದು. ಮೋಟುಲ್ ಆರ್‌ಬಿಎಫ್ 600 ಹೊಸದಿದ್ದಾಗ 312 ಡಿಗ್ರಿವರೆಗೆ ತಡೆಯುತ್ತದೆ, ಎಟಿಇ ಟೈಪ್ 200 ಆದರೆ 280. ಟ್ರ್ಯಾಕಿಗೆ ಮೊದಲನೆಯದು, ದಿನನಿತ್ಯದ ಜೊತೆಗೆ ಘಾಟಿಗೆ ಎರಡನೆಯದು ನನ್ನ ಆಯ್ಕೆ. ರೇಸಿಂಗ್ ಆಯಿಲ್ ಹಾಕಿದರೆ ವರ್ಷಕ್ಕೊಮ್ಮೆ ಬದಲಿಸಲೇಬೇಕು. ಡಾಟ್ 5 ಅಂತ ಬರೆದ ಸಿಲಿಕೋನ್ ಆಯಿಲ್ ಎಬಿಎಸ್ ಇರುವ ಈ ಕಾರಿಗೆ ಬೇಡವೇ ಬೇಡ, 5.1 ಬೇರೆ, ಅದು ಗ್ಲೈಕಾಲ್ ಜಾತಿಯದ್ದು, ನಡೆಯುತ್ತದೆ.

ಒಂದು ಲೀಟರ್ ತಂದರೆ ಪೂರ್ತಿ ಬದಲಿಸಲು ಸಾಕು: ಹಿಂದಿನ ಚಕ್ರಕ್ಕೆ ತಲಾ 250 ಎಂಎಲ್, ಮುಂದಿನದಕ್ಕೆ 200ರಷ್ಟು. ಪೆಡಲ್ ಒತ್ತಿ ಬ್ಲೀಡ್ ಮಾಡುವ (ಹಳೇ ಆಯಿಲ್, ಗಾಳಿ ಹೊರಹಾಕುವ) ಗ್ಯಾರೇಜಿನಲ್ಲಿ ಪೆಡಲಿನ ಕೆಳಗೆ ಒಂದು ಮರದ ತುಂಡು ಇಡಿಸಿ. ಪೆಡಲಿನ ಒತ್ತಡವನ್ನು ಆಯಿಲ್ಲಿಗೆ ದಾಟಿಸುವ ಹಳೇ ಮಾಸ್ಟರ್ ಸಿಲಿಂಡರಿನಲ್ಲಿ ಪಿಸ್ಟನ್ ಯಾವತ್ತೂ ಹೋಗದ ತುದಿಯಲ್ಲಿ ಕಿಲುಬು, ಕೊಳೆ ಕೂತಿರುತ್ತದೆ. ಪೆಡಲ್ಲನ್ನು ನೆಲಕ್ಕೆ ಮುಟ್ಟಿಸಿ ಒತ್ತಿದರೆ ಸೀಲು ಅಲ್ಲಿಗೆ ಹೋಗಿ ಹರಿಯುತ್ತದೆ. ಸರ್ವೀಸ್ ಆಗಿ ವಾರದಲ್ಲೇ ಪೆಡಲ್ ಕುಸಿಯಿತು ಎಂಬ ದೂರುಗಳ ಹಿಂದೆ ಎಷ್ಟೋ ಸಲ ಇರುವುದು ಇದೇ. ಬ್ರೇಕ್ ಆಯಿಲ್ ಟ್ಯಾಂಕಿನ ಮುಚ್ಚಳದ ಕಡೆಯಿಂದ ಒಂದೂವರೆ ಬಾರ್ ಒತ್ತಡ ಕೊಡುವ ಪ್ರೆಶರ್ ಬ್ಲೀಡರ್ ಇರುವ ಕಡೆ ಹೋದರೆ ಈ ತಲೆಬಿಸಿಯೇ ಇಲ್ಲ. ಕೆಲಸದ ಮಧ್ಯೆ ಟ್ಯಾಂಕ್ ಖಾಲಿಯಾಗಿ ಎಬಿಎಸ್ ಪಂಪಿಗೆ ಗಾಳಿ ಹೋದರೆ ಬರೀ ಬ್ಲೀಡಿಂಗಿನಿಂದ ಹೋಗುವುದಿಲ್ಲ, ವಿಸಿಡಿಎಸ್‌ನಂಥ ಸ್ಕ್ಯಾನರ್ ಹಾಕಿ ಪಂಪ್ ಓಡಿಸಬೇಕಾಗುತ್ತದೆ. ಬಣ್ಣದ ಮೇಲೆ ಆಯಿಲ್ ಚೆಲ್ಲಿದರೆ ಒರೆಸುತ್ತ ಕೂರಬೇಡಿ, ತಕ್ಷಣ ನೀರು ಸುರಿಯಿರಿ.

ಎರಡನೇ ಖರ್ಚು ಪ್ಯಾಡ್. ಪ್ಯಾಡಿನ ಬೆನ್ನಿಗೆ ಅಥವಾ ಅಂಚಿಗೆ ಎರಡು ಇಂಗ್ಲಿಷ್ ಅಕ್ಷರ ಒತ್ತಿರುತ್ತಾರೆ. ಇ ಅಂದರೆ ಘರ್ಷಣೆಯ ಗುಣಾಂಕ 0.25ರಿಂದ 0.35, ಎಫ್ ಅಂದರೆ 0.35ರಿಂದ 0.45, ಜಿ ಅಂದರೆ 0.45ರಿಂದ 0.55. ಮೊದಲ ಅಕ್ಷರ ಸಾಮಾನ್ಯ ಬಿಸಿಯದ್ದು, ಎರಡನೆಯದು ಕಾದಾಗಿನದು. ಎರಡನೇ ಅಕ್ಷರ ಇ ಇದ್ದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಘಾಟಿ ಓಡಿಸುವವರಿಗೆ ಅದು ಬೇಡ. ಜೊತೆಗೆ ಯುರೋಪಿನ ಆರ್90 ಅನುಮೋದನೆಯ ಗುರುತು ಇದ್ದರೆ ಮೂಲ ಪ್ಯಾಡಿನ ಗುಣಕ್ಕೆ ಹೋಲಿಸಿ ಪರೀಕ್ಷೆ ಮಾಡಿದ್ದಾರೆ ಎಂಬ ಧೈರ್ಯ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಪೋಲೋ ಪ್ಯಾಡ್ ಅಂತ ಕೇಳಿದರೆ ಹತ್ತಾರು ಡಬ್ಬಿ ಮುಂದಿಡುತ್ತಾರೆ. ಡಬ್ಬಿಯ ಮೇಲಿನ ಚಿತ್ರ ನೋಡುವುದು ಬಿಟ್ಟು ಪ್ಯಾಡನ್ನೇ ತಿರುಗಿಸಿ ಈ ಅಕ್ಷರ ಓದಿ; ಗುರುತೇ ಇಲ್ಲದ್ದನ್ನು ಅಲ್ಲೇ ಇಟ್ಟು ಬನ್ನಿ.

ಫೆರೋಡೋ ಡಿಎಸ್2500, ಇಬಿಸಿ ಯೆಲ್ಲೋಸ್ಟಫ್ ಈ ಎರಡೂ ರಸ್ತೆಗೂ ಅಪರೂಪದ ಟ್ರ್ಯಾಕಿಗೂ ನಡುವಿನ ವರ್ಗದವು. ಈ ವರ್ಗದ ಪ್ಯಾಡಿನಿಂದ ಸಿಗುವ ದೊಡ್ಡ ಲಾಭ ಮೊದಲ ತುಳಿತದ ಜೋರಲ್ಲ. ಘಾಟಿಯ ಕೊನೇ ತಿರುವಿನಲ್ಲೂ ಪೆಡಲ್ ಮೊದಲನೆಯದರ ಹಾಗೆಯೇ ಮಾತು ಕೇಳುತ್ತದೆ. ಬೆಲೆ ಕೊಡಬೇಕಾಗುವುದು ಬೇರೆ ರೂಪದಲ್ಲಿ: ಅಲಾಯ್ ಚಕ್ರ ಎರಡೇ ದಿನಕ್ಕೆ ಕಪ್ಪಾಗುತ್ತದೆ, ನಿಧಾನ ಟ್ರಾಫಿಕ್ಕಿನಲ್ಲಿ ಕೀಚ್ ಎಂಬ ಸದ್ದು ಬರುತ್ತದೆ, ಮೂಲ ಪ್ಯಾಡ್ ಹಾಕಿದ್ದಾಗಿಗಿಂತ ಡಿಸ್ಕ್ ಬೇಗ ಸವೆಯುತ್ತದೆ. ಇದನ್ನು ಸಹಿಸಲಾಗದವರಿಗೆ ಕಂಪನಿ ಪ್ಯಾಡ್ ಮತ್ತು ಹೊಸ ಆಯಿಲ್ ಸಾಕು. ಪೂರ್ತಿ ರೇಸ್ ಪ್ಯಾಡನ್ನು ಮಾತ್ರ ರಸ್ತೆಯಲ್ಲಿ ಹಾಕಬೇಡಿ. ಅದು ಬಿಸಿಯಾಗದೆ ಹಿಡಿಯುವುದಿಲ್ಲ. ಮಡಿಕೇರಿಯ ಮಳೆಯ ಬೆಳಗ್ಗೆ ಮೊದಲ ತಿರುವಿನಲ್ಲೇ ಎದೆ ಝಲ್ಲೆನ್ನಿಸುತ್ತದೆ.

ಡಿಸ್ಕಿನ ವಿಷಯ ಬೇಗ ಮುಗಿಯುತ್ತದೆ. ತೂತು ಕೊರೆದ ಡಿಸ್ಕ್ ನೋಡಲು ಚೆಂದ, ಆದರೆ ಕಾದು ತಣ್ಣಗಾಗುವ ಏರಿಳಿತಕ್ಕೆ ತೂತಿನ ಅಂಚಿನಿಂದಲೇ ಬಿರುಕು ಶುರುವಾಗುತ್ತದೆ. ಗುಣಮಟ್ಟದ ಸಾದಾ ಡಿಸ್ಕೇ ಸರಿ. ಡಿಸ್ಕಿನ ಮೇಲೆಯೇ ಕನಿಷ್ಠ ದಪ್ಪ ಕೆತ್ತಿರುತ್ತಾರೆ, 22 ಎಂಎಂ ಡಿಸ್ಕಿಗೆ ಅದು 19. ಅದರ ಹತ್ತಿರ ಬಂದಿದ್ದರೆ ಹೊಸ ಪ್ಯಾಡ್ ಹಾಕಿ ದುಡ್ಡು ಹಾಳುಮಾಡಬೇಡಿ. ಸ್ಟೀಲ್ ಹೆಣಿಗೆಯ ಹೋಸ್ (ಕ್ಯಾಲಿಪರಿಗೆ ಆಯಿಲ್ ಒಯ್ಯುವ ಕೊಳವೆ) ಕೊನೆಯ ಸಾಲಿನ ಖರ್ಚು. ರಬ್ಬರ್ ಹೋಸ್ ಏಳೆಂಟು ವರ್ಷ ಹಳೆಯದಾಗಿದ್ದರೆ ವ್ಯತ್ಯಾಸ ಕಾಲಿಗೇ ತಿಳಿಯುತ್ತದೆ, ಹೊಸದಿದ್ದರೆ ಹುಡುಕಬೇಕು. ಹಾಕಿಸಿದಿರಾದರೆ ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಚಕ್ರ ಜೋತುಬಿಟ್ಟು, ಹೋಸ್ ಎಲ್ಲಿಯೂ ತಿರುಚಿಲ್ಲ, ಉಜ್ಜುತ್ತಿಲ್ಲ ಎಂದು ಕಣ್ಣಾರೆ ನೋಡಿ. ಹೋಸನ್ನು ಕ್ಯಾಲಿಪರಿಗೆ ಬಿಗಿಯುವ ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರ್ ಹೊಸದೇ ಇರಬೇಕು.

ಇನ್ನು ಎಲ್ಲರೂ ಕೇಳುವ 288 ಎಂಎಂ ಡಿಸ್ಕ್. ಫೋಕ್ಸ್‌ವ್ಯಾಗನ್ ಬಳಗದ ಹಲವು ಕಾರುಗಳಲ್ಲಿ 288x25 ಡಿಸ್ಕ್ ಇತ್ತು, 5x100 (100 ಎಂಎಂ ವೃತ್ತದಲ್ಲಿ ಐದು ಬೋಲ್ಟ್) ಅಳತೆಯಲ್ಲೂ ಸಿಗುತ್ತದೆ. ಕ್ಯಾಲಿಪರ್ ಪಿಸ್ಟನ್ ಈಗಿನ 256ರ ಬ್ರೇಕ್, 288ರ ಬ್ರೇಕ್ ಎರಡರಲ್ಲೂ 54 ಎಂಎಂ ಆದ್ದರಿಂದ ಪೆಡಲಿನ ಓಡಾಟ ಬದಲಾಗದು, ಮಾಸ್ಟರ್ ಸಿಲಿಂಡರ್ ಮುಟ್ಟಬೇಕಿಲ್ಲ. ಡಿಸ್ಕಿನ ಮೈ ಕಾಲು ಭಾಗದಷ್ಟು ಹೆಚ್ಚು, ಅಷ್ಟೇ ಒತ್ತಡಕ್ಕೆ ಹಿಡಿತ ಹತ್ತು-ಹದಿನೈದು ಶೇಕಡಾ ಹೆಚ್ಚು. ಕಾಗದದ ಮೇಲೆ ಚಿನ್ನದಂಥ ಅಪ್‌ಗ್ರೇಡ್. ಆದರೆ ಆರ್ಡರ್ ಮಾಡುವ ಮೊದಲು ಮುಂದಿನ ಚಕ್ರ ಬಿಚ್ಚಿ ಹಿಂಬದಿಗೆ ಕೈ ಹಾಕಿ ನೋಡಿ. ಕ್ಯಾಲಿಪರ್ ಹೊತ್ತ ಪ್ರತ್ಯೇಕ ಬ್ರ್ಯಾಕೆಟ್, ಅದನ್ನು ಬಿಗಿದ ಎರಡು ದಪ್ಪ ಬೋಲ್ಟ್ ಕಂಡರೆ ಕೆಲಸ ಸುಲಭ. ಈ ಬಳಗದ ಚಿಕ್ಕ ಬ್ರೇಕಿನಲ್ಲಿ ಪ್ಯಾಡ್ ನೇರವಾಗಿ ಸ್ಟಿಯರಿಂಗ್ ನಕಲ್ (ಚಕ್ರದ ಬೇರಿಂಗ್ ಹೊತ್ತ ಲೋಹದ ಭಾಗ) ಮೇಲೆಯೇ ಕೂರುವಂಥ ವಿನ್ಯಾಸವಿದೆ. ಹಾಗಿದ್ದರೆ ನಕಲ್, ಬೇರಿಂಗ್, ಕ್ಯಾಲಿಪರ್ ಎಲ್ಲ ಬದಲಾಗಬೇಕು, ಅಲೈನ್‌ಮೆಂಟ್ ಬೇರೆ. ಹತ್ತು ಸಾವಿರದ ಕನಸು ಐವತ್ತಕ್ಕೆ ಹೋಗುವುದು ಇಲ್ಲಿಯೇ. ಹಳೇ ಕಾರಿನಿಂದ ತೆಗೆದ ಕ್ಯಾಲಿಪರ್ ಕೊಂಡರೆ ಪಿಸ್ಟನ್ ಹೊರಗೆ ತೆಗೆಸಿ ನೋಡಿ, ಮೈಮೇಲೆ ಕಿಲುಬಿನ ಗುಳಿ ಕಂಡರೆ ಸೀಲ್ ಕಿಟ್ ಹಾಕಿಯೂ ಪ್ರಯೋಜನವಿಲ್ಲ. ವರ್ಷಕ್ಕೆ ನಾಲ್ಕಾರು ಸಲ ಟ್ರ್ಯಾಕಿಗೆ ಹೋಗುವವರನ್ನು ಬಿಟ್ಟು ಉಳಿದವರಿಗೆ ಇದನ್ನು ನಾನು ಹೇಳುವುದಿಲ್ಲ. ಮಾಡಿಸಿದವರು ಇನ್ಶೂರೆನ್ಸ್ ಕಂಪನಿಗೆ ತಿಳಿಸಿಡುವುದು ಒಳ್ಳೆಯದು.

ಜೋಡಿಸುವಾಗ ಎಡವಟ್ಟಾಗುವ ಜಾಗಗಳು ಬೆರಳೆಣಿಕೆಯವು. ಡಿಸ್ಕ್ ಹಿಡಿದಿರುವ ಟಿ30 (ನಕ್ಷತ್ರದಂಥ ತಲೆಯ) ಸ್ಕ್ರೂ ಕಚ್ಚಿಕೊಂಡಿರುತ್ತದೆ. ಸುತ್ತಿಗೆಯಿಂದ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ಬೇಕು, ಸಾದಾ ಸ್ಕ್ರೂಡ್ರೈವರಿನಲ್ಲಿ ತಲೆ ಸವೆದುಹೋಗುತ್ತದೆ. ಡಿಸ್ಕ್ ಕೂರುವ ಹಬ್‌ನ ಮುಖದ ಕಿಲುಬನ್ನು ವೈರ್ ಬ್ರಷ್ಷಿನಿಂದ ಲೋಹ ಕಾಣುವವರೆಗೆ ಉಜ್ಜಿಸಿ. ಅಲ್ಲಿ ಕೂದಲೆಳೆಯಷ್ಟು ಕೊಳೆ ಉಳಿದರೂ ಡಿಸ್ಕಿನ ಅಂಚಿನಲ್ಲಿ ಅದು ಓಲಾಟವಾಗಿ, ಕೆಲವು ಸಾವಿರ ಕಿಮೀ ನಂತರ ಸ್ಟಿಯರಿಂಗ್ ನಡುಗುತ್ತದೆ. ಪಿಸ್ಟನ್ ಹಿಂದಕ್ಕೆ ಒತ್ತುವಾಗ ಬ್ಲೀಡ್ ನಿಪ್ಪಲ್ (ಕ್ಯಾಲಿಪರಿನಿಂದ ಆಯಿಲ್ ಹೊರಬಿಡುವ ತಿರುಪು) ಸಡಿಲಿಸಿ ಹಳೇ ಕೊಳೆ ಆಯಿಲ್ ಹೊರಗೆ ಬಿಡಿ, ಎಬಿಎಸ್ ಕಡೆಗೆ ತಳ್ಳಬೇಡಿ. ಕ್ಯಾಲಿಪರ್ ಜಾರುವ ಗೈಡ್ ಪಿನ್ ಬಿಚ್ಚಲು 7 ಎಂಎಂ ಅಲೆನ್ ಕೀ, ಬಿಗಿಯಲು 30 ಎನ್‌ಎಂ. ಪಿನ್ನಿಗೆ ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಬುಷ್ ಊದಿ ಕ್ಯಾಲಿಪರ್ ಜಾರುವುದೇ ನಿಲ್ಲುತ್ತದೆ; ಒರೆಸಿ ಒಣಗಿದ್ದಂತೆಯೇ ಕೂರಿಸಿ. ಚಕ್ರದ ಬೋಲ್ಟ್ 120 ಎನ್‌ಎಂ, ಟಾರ್ಕ್ ರೆಂಚಿನಲ್ಲಿ. ಏರ್ ಗನ್ನಿನಲ್ಲಿ ಬಡಿಯಲು ಬಿಡಬೇಡಿ.

ಹೊಸ ಪ್ಯಾಡ್-ಡಿಸ್ಕ್ ಹೊಂದಿಸುವುದನ್ನು ಅರ್ಧಕ್ಕರ್ಧ ಜನ ಬಿಟ್ಟೇಬಿಡುತ್ತಾರೆ. ನಸುಕಿನಲ್ಲಿ ಖಾಲಿ ರಸ್ತೆ ಹುಡುಕಿ, 80ರಿಂದ 20ಕ್ಕೆ ಎಂಟು-ಹತ್ತು ಸಲ ಗಟ್ಟಿಯಾಗಿ, ಎಬಿಎಸ್ ಬಾರದಷ್ಟು ತುಳಿಯಿರಿ. ಪೂರ್ತಿ ನಿಲ್ಲಿಸಬೇಡಿ. ಸುಟ್ಟ ವಾಸನೆ ಬರುತ್ತದೆ, ಹೆದರಬೇಡಿ. ಆಮೇಲೆ ಹತ್ತು ಕಿಮೀ ಬ್ರೇಕ್ ಮುಟ್ಟದೆ ಓಡಿಸಿ ತಣಿಸಿ. ಕಾದ ಡಿಸ್ಕಿನ ಮೇಲೆ ಪ್ಯಾಡ್ ಒತ್ತಿ ಹಿಡಿದು ನಿಂತರೆ ಅಲ್ಲಿ ಪ್ಯಾಡಿನ ಅಚ್ಚು ಬೀಳುತ್ತದೆ. ಡಿಸ್ಕ್ ಬೆಂಡ್ ಆಗಿದೆ ಎಂದು ಗ್ಯಾರೇಜಿನವರು ಹೇಳುವುದರಲ್ಲಿ ಬಹಳಷ್ಟು ಈ ಅಚ್ಚೇ. ಘಾಟಿ ಇಳಿದ ತಕ್ಷಣ ಚಹಾ ಅಂಗಡಿಗೆ ತಿರುಗಿಸುವವರೂ ಕಡೆಯ ಎರಡು ಕಿಮೀ ನಿಧಾನವಾಗಿ ಬರಲಿ.

ದೀರ್ಘ ಬಳಕೆಯಲ್ಲಿ ಕಂಡದ್ದು ಇಷ್ಟು. ಮಳೆಗಾಲದ ಮಲೆನಾಡಿನ ಕೆಂಪು ಕೆಸರು ಪ್ಯಾಡಿನ ಕಿವಿಗಳಲ್ಲಿ (ಜಾರುವ ತುದಿಗಳಲ್ಲಿ) ಕೂತು ಒಳಗಿನ ಪ್ಯಾಡ್ ಹೊರಗಿನದಕ್ಕಿಂತ ಬೇಗ ಸವೆಯುತ್ತದೆ, ಆದ್ದರಿಂದ ಮಳೆ ಮುಗಿದ ಮೇಲೆ ಒಮ್ಮೆ ಬಿಚ್ಚಿ ತೊಳೆಸಬೇಕು. ಸವೆತ ನೋಡುವಾಗ ಕಣ್ಣಿಗೆ ಬೀಳುವ ಹೊರಗಿನ ಪ್ಯಾಡನ್ನೇ ನಂಬಬೇಡಿ. ಹಿಂದಿನ ಡ್ರಮ್ಮಿಗೆ ನಾನು ಏನನ್ನೂ ಹಾಕಲು ಹೇಳುವುದಿಲ್ಲ. ಮುಂದಿನ ಕೆಲಸದ ದಿನವೇ ಅದನ್ನೂ ತೆಗೆಸಿ ಧೂಳು ತೊಳೆಸಿ, ಲೈನರಿನ ದಪ್ಪ ನೋಡಿಸಿ, ಸಿಲಿಂಡರ್ ಸೋರುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಧೂಳನ್ನು ಏರ್ ಪೈಪಿನಲ್ಲಿ ಊದಲು ಬಿಡಬೇಡಿ, ಬ್ರೇಕ್ ಕ್ಲೀನರ್ ಹೊಡೆಸಿ.